ವಲಾತಕ್ಕೆ ಬಂದ ಹದಿನಾಲ್ಕು ಓಲೆ

ವಗ್ಗಾಗ ಉತ್ತರದ ದಿಬ್ಬ ಇಳಿದು ಊರೊಳಗೆ ಬಂದಾಗ ಬಿಸಿಲು ಇನ್ನೂ ಏರುತ್ತಿತ್ತು. ಮರಳುಗಾಡಿನಿಂದ ಓಲೆಗಾರ ಬಂದನೆಂದರೆ ಹಿಂದೆಲ್ಲ ವಲಾತದ ಮಾಳಿಗೆಗಳ ಮೇಲೆ ನಿಲ್ಲಲು ಜಾಗ ಇರುತ್ತಿರಲಿಲ್ಲ. ಯಾರ ಮನೆಗೆ ಎಷ್ಟು ಓಲೆ, ಯಾರ ಮನೆಗೆ ಎಷ್ಟು ಅತಿಥಿ ಎಂದು ಹೆಂಗಸರು ಮಾಳಿಗೆಯಿಂದ ಮಾಳಿಗೆಗೆ ಕೂಗಿ ಕೇಳುತ್ತಿದ್ದರು. ಈ ಸಲ ಮಾಳಿಗೆ ಮೇಲೆ ಇದ್ದವರು ಇಬ್ಬರೇ. ಒಬ್ಬಳು ತೂದಾ, ಅತಿಥಿಮನೆಯ ಒಡತಿ. ಇನ್ನೊಬ್ಬಳು ಪಕ್ಕದ ಮನೆಯ ಪೆಂದಾ, ನೀರು ತುಂಬುವ ತೊಗಲಿನ ತಿತ್ತಿ ಹೊಲಿಯುವವಳು.

"ನಡಿಗೆ ನೋಡಕ್ಕ," ಎಂದಳು ಪೆಂದಾ, ಬಾಯಲ್ಲಿದ್ದ ದಾರ ತೆಗೆದು. "ವರ್ತಕರ ತಂಡ ದೊಡ್ಡದೇ ಇರ್ಬೇಕು. ಸಣ್ಣ ತಂಡ ಆಗಿದ್ರೆ ಈ ಮಹರಾಯ ಕಾಲೆಳ್ಕೊಂಡು ಬರ್ತಿದ್ದ."

ತೂದಾ ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು. ಐವತ್ತು ದಾಟಿದ ಮೇಲೆ ಅವಳು ಆ ಮೆಟ್ಟಿಲನ್ನು ಅಷ್ಟು ಬೇಗ ಇಳಿದದ್ದು ಅದೇ ಮೊದಲು.

ವಗ್ಗಾಗ ಬಾಗಿಲಲ್ಲೇ ಕುಕ್ಕರುಗಾಲಿನಲ್ಲಿ ಕೂತ. ಅವಳು ಕೊಟ್ಟ ನೀರನ್ನು ಮೂರು ಗುಟುಕು ಕುಡಿದು, ಸುಮ್ಮನಿದ್ದು, ಮತ್ತೆ ಮೂರು ಗುಟುಕು ಕುಡಿದ. ಮೂವತ್ತು ವರ್ಷ ಒಂಟಿಯಾಗಿ ಮರಳು ದಾಟಿದವನು ನೀರಿನ ಮೇಲೆ ಮುಗಿಬೀಳುವುದಿಲ್ಲ. ಆಮೇಲೆ ಹೇಳಿದ: "ತೊಂಬತ್ತೆರಡು ಜನ, ತಾಯಿ. ಹದಿನಾಲ್ಕು ಓಲೆ. ನಿಮ್ಮ ತಂಗಿ ಮಗ ಇಜೆಮನೂ ಬರ್ತಿದಾನೆ, ಗಟ್ಟಿಯಾಗಿದಾನೆ."

ತೂದಾಳ ಎದೆ ಹಿಗ್ಗಿತು. ಅದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ. ಹೋದ ವರ್ಷ ಬಂದವರು ಹತ್ತೊಂಬತ್ತು ಜನ, ಅದರ ಹಿಂದಿನ ವರ್ಷ ಹನ್ನೊಂದು. ಈಗ ತೊಂಬತ್ತೆರಡು! ಗೆದ್ದೆ ಅಂದುಕೊಂಡಳು. ಸತ್ತುಹೋಯಿತು ಅಂತ ಎಲ್ಲರೂ ಬಾಯಿಗೆ ಮಣ್ಣು ಹಾಕಿದ್ದ ಊರನ್ನು ತಾನೊಬ್ಬಳೇ ಎಬ್ಬಿಸಿ ಕೂರಿಸಿದೆ ಅಂದುಕೊಂಡಳು. ನಾಲ್ಕು ಉಸಿರಿನಷ್ಟು ಹೊತ್ತು ಅವಳಿಗೆ ಬೇರೇನೂ ನೆನಪಾಗಲಿಲ್ಲ. ಐದನೆಯ ಉಸಿರಿಗೆ ಕೊಟ್ಟಿಗೆಯಲ್ಲಿರುವ ಒಂಟೆಗಳು ನೆನಪಾದವು. ನಾಲ್ಕೇ ನಾಲ್ಕು.

ಆ ದಾರಿಯ ಲೆಕ್ಕ ವಲಾತದ ಕೂಸಿಗೂ ಗೊತ್ತು. ತಘಾಜಾದಲ್ಲಿ ಉಪ್ಪಿನ ಹಲಗೆ ಹೇರಿಕೊಂಡ ತಂಡ ತಸರಹ್ಲದ ಒರತೆಗಳಲ್ಲಿ ಮೂರು ದಿನ ನಿಂತು ತಿತ್ತಿ ತುಂಬಿಸಿಕೊಳ್ಳುತ್ತದೆ. ಅಲ್ಲಿಂದ ಓಲೆಗಾರ ಮುಂದೆ ಓಡುತ್ತಾನೆ. ತಂಡದ ಬಳಿ ಇರುವ ನೀರು ಕರಿಬಂಡೆಯವರೆಗೆ ಸಾಕು; ಕರಿಬಂಡೆಯಿಂದ ವಲಾತಕ್ಕೆ ಇನ್ನೂ ನಾಲ್ಕು ದಿನ. ಓಲೆ ತಲುಪಿದ ಮನೆಯವರು ತಮ್ಮ ತಮ್ಮ ಅತಿಥಿಗಳಿಗಾಗಿ ಒಂಟೆಗಳ ಮೇಲೆ ನೀರು ಹೊರಿಸಿ ಕರಿಬಂಡೆಗೆ ಕಳಿಸಬೇಕು. ಓಲೆಗಾರ ದಾರಿಯಲ್ಲಿ ಸತ್ತರೆ ತಂಡ ಸತ್ತಂತೆ. ಓಲೆಗಾರ ತಲುಪಿಯೂ ಮನೆಯವರು ಕದಲದಿದ್ದರೆ ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ, ಹಾಗೆ ಎಂದೂ ಆಗಿರಲಿಲ್ಲ.

"ಆರನೇ ದಿನಕ್ಕೆ ಕರಿಬಂಡೆ ಮುಟ್ತಾರೆ. ನಾಡಿದ್ದು ಬೆಳಗ್ಗೆ ನೀರು ಹೊರಡಲೇಬೇಕು," ಎಂದು ವಗ್ಗಾಗ ಎದ್ದ. "ಉಳಿದ ಮನೆಗಳಿಗೂ ಕೊಟ್ಟು ಬರ್ತೀನಿ."

"ವಗ್ಗಾಗ, ಸ್ವಲ್ಪ ಕೂತ್ಕೋ. ಒಂದು ಮಾತಿದೆ."

"ಓಲೆ ಕೈಲಿಟ್ಕೊಂಡು ಕೂರೋ ಹಾಗಿಲ್ಲ ತಾಯಿ."

ಅದು ಅವನ ಕಸುಬಿನ ಕಟ್ಟಳೆ. ಓಲೆಯ ಮೇಲೆ ಯಾರ ಮನೆಯ ಗುರುತಿದೆಯೋ ಆ ಬಾಗಿಲನ್ನು ಮೂರು ಸಲ ತಟ್ಟಿ, ಒಳಗಿನವರ ಕೈಗೇ ಕೊಡಬೇಕು. ತೂದಾ ಹೇಳಬೇಕಿತ್ತು. ಅವನ ಹಿಂದೆ ಹಿಂದೆ ನಡೆದಳು, ಅಷ್ಟೇ.

ಮೊದಲ ಬಾಗಿಲು ತಟ್ಟಿದ. ಕೆಂಪು ಸುಣ್ಣದ ಚಿತ್ತಾರವಿದ್ದ ದೊಡ್ಡ ಮನೆ, ಚಿನ್ನದ ಪುಡಿಯನ್ನು ಸೇರಿನಲ್ಲಿ ಅಳೆದವರ ಮನೆ. ಮೂರು ಸಲ ತಟ್ಟಿ ಕಾದ. ಎರಡನೆಯದಕ್ಕೆ ಹೋದ. ಮೂರನೆಯ ಮನೆಯ ಬಾಗಿಲು ತಟ್ಟಿದ ಏಟಿಗೆ ತಾನೇ ತೆರೆದುಕೊಂಡಿತು, ಒಳಗಿಂದ ಒಂದು ಮೇಕೆ ಹೊರಗೆ ಬಂತು. ಐದನೆಯ ಬಾಗಿಲಿನ ಹೊತ್ತಿಗೆ ಅವನಿಗೆ ಅರ್ಥವಾಗಿತ್ತು. ಆದರೂ ಹದಿಮೂರನ್ನೂ ತಟ್ಟಿದ, ಒಂದೊಂದನ್ನು ಮೂರು ಮೂರು ಸಲ. ಮೂವತ್ತೊಂಬತ್ತು ಏಟನ್ನೂ ತೂದಾ ನಿಂತು ಕೇಳಿದಳು. ಅದಕ್ಕಿಂತ ಅವನು ತನ್ನ ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಕೊನೆಯ ಬಾಗಿಲಿನ ಕಟ್ಟೆಯ ಮೇಲೆ ಅವನು ಕೂತ. "ಎಲ್ಲಿಗೆ ಹೋದ್ರು?"

"ತೊಂಬುಕ್ತುಗೆ. ಇನ್ನೆಲ್ಲಿಗೆ ಹೋಗ್ತಾರೆ ಮಾರಾಯ, ಹೋಗೋರೆಲ್ಲ ಅಲ್ಲಿಗೇ ತಾನೆ."

ಊರೆಂದರೆ ಗೋಡೆಯಲ್ಲ, ಜನ ಎಂದು ಹೇಳುವವರಿದ್ದಾರೆ. ಗೋಡೆ ಮಾತ್ರ ಉಳಿದ ಊರಿನಲ್ಲಿ ಅವರು ಬಾಳಿ ನೋಡಬೇಕು. ವಲಾತ ಒಂದೇ ದಿನ ಖಾಲಿಯಾಗಲಿಲ್ಲ. ಮಾಲಿಯ ದೊರೆ ಮಾನ್ಸನ ಅಧಿಕಾರಿ ಇಲ್ಲಿ ಎಪ್ಪತ್ತು ಕುದುರೆ ಇಟ್ಟುಕೊಂಡು ಕೂತಿದ್ದ ಕಾಲದಲ್ಲಿ ನೀರಿಗೆಂದೇ ಅರಮನೆಯ ಒಂಟೆಗಳಿದ್ದವು. ಅತ್ತ ಸಿಂಹಾಸನಕ್ಕೆ ಅಣ್ಣತಮ್ಮಂದಿರು ಕಿತ್ತಾಡಿದರು. ಅಧಿಕಾರಿಯನ್ನೂ ಕುದುರೆಗಳನ್ನೂ ವಾಪಸು ಕರೆಸಿಕೊಂಡರು, ಬೇರೆಯವರನ್ನು ಕಳಿಸಲಿಲ್ಲ. ತೊಂಬುಕ್ತುವಿನ ಮಗ್ಗುಲಲ್ಲೇ ದೊಡ್ಡ ಹೊಳೆ, ದೋಣಿ ತುಂಬ ಸಜ್ಜೆ ಬಂದು ಇಳಿಯುತ್ತದೆ; ಇಲ್ಲಿ ಅದೇ ಸಜ್ಜೆಗೆ ಒಂಟೆಯ ಬೆನ್ನು ಬೇಕು. ವರ್ತಕನಿಗೆ ಊರಿನ ಋಣ ಎಲ್ಲಿಯದು? ವರ್ಷಕ್ಕೊಂದು ಮನೆ, ಎರಡು ಮನೆ, ಗಂಟು ಕಟ್ಟಿತು.

ಹೋದ ವರ್ಷದ ತಂಡ ಬಂದಾಗ ಉಳಿದಿದ್ದು ತೂದಾಳದೂ ಸೇರಿ ಐದು ಮನೆ. ಬಂದ ಹತ್ತೊಂಬತ್ತು ಜನರಲ್ಲಿ ಅರ್ಧಕ್ಕರ್ಧ ಹೊರಟುಹೋದ ಮನೆಗಳ ಅತಿಥಿಗಳು. ಉತ್ತರದಿಂದ ಬಂದ ವರ್ತಕನಿಗೆ ಇಲ್ಲಿ ಒಂದೇ ಮನೆ. ಆ ಮನೆ ಅವನಿಗೆ ಜಾಮೀನು, ಆ ಮನೆ ಇಲ್ಲದಿದ್ದರೆ ಅವನು ಯಾರಿಗೂ ಸೇರಿದವನಲ್ಲ. ಅದಕ್ಕೇ ತೂದಾ ಖಾಲಿ ಮನೆಗಳಲ್ಲಿ ಒಲೆ ಹಚ್ಚಿಸಿದಳು, ಚಾಪೆ ಹಾಸಿಸಿದಳು, ಸಜ್ಜೆಹಿಟ್ಟಿಗೆ ಮಜ್ಜಿಗೆ ಜೇನು ಕಲಸಿ ಸೋರೆಬುರುಡೆಯಲ್ಲಿ ಕಳಿಸಿದಳು. "ಯಜಮಾನ್ರು ದಕ್ಷಿಣಕ್ಕೆ ಚಿನ್ನ ತರೋಕೆ ಹೋಗಿದಾರೆ, ಬರೋವರೆಗೆ ನಾನು ನೋಡ್ಕೋತೀನಿ," ಎಂದಳು. ಅತಿಥಿಗಳು ಉಂಡು ಮಲಗಿ ನಂಬಿದರು, ಓಲೆಗಾರನೂ ನಂಬಿದ. ತಂಡ ಹೊರಟಾಗ ತಂಗಿಯ ಮಗ ಇಜೆಮನನ್ನೂ ಜೊತೆಗೆ ಕಳಿಸಿ, ಅವನ ಕಿವಿಯಲ್ಲಿ ಹೇಳಿದ್ದಳು: "ಉತ್ತರದ ಸಿಜಿಲ್ಮಾಸ ಪೇಟೇಲಿ ಕೇಳಿದೋರಿಗೆಲ್ಲ ಹೇಳು, ವಲಾತದ ಹದಿನಾಲ್ಕು ಮನೆ ಬಾಗಿಲೂ ತೆರೆದಿದೆ ಅಂತ."

"ಸುಳ್ಳಲ್ವಾ ದೊಡ್ಡಮ್ಮ?" ಎಂದಿದ್ದ ಅವನು, ನಗುತ್ತ. ತೂದಾಳ ಕುಲವಾದ ಮಸ್ಸೂಫರಲ್ಲಿ ಮನೆ ಸೇರುವುದು ತಂಗಿಯ ಮಗನಿಗೆ. ನಾಳೆ ಈ ಮನೆಯ ಯಜಮಾನ ಅವನೇ.

"ನೀನು ಜನಾನ ಕರ್ಕೊಂಡು ಬಾ, ತಾನಾಗೇ ನಿಜ ಆಗುತ್ತೆ. ತಂಡ ಬರುತ್ತೆ ಅಂದ್ರೆ ಹೋದೋರೂ ವಾಪಸ್ ಬರ್ತಾರೆ."

ಆದರೆ ಇಜೆಮ ಹೋದ ಮೇಲೆ ಉಳಿದ ನಾಲ್ಕು ಮನೆಯವರೂ ಬೇಸಿಗೆಯೊಳಗೆ ಒಬ್ಬರ ಹಿಂದೊಬ್ಬರು ಒಂಟೆ ಹೊಡೆದುಕೊಂಡು ತೊಂಬುಕ್ತು ಸೇರಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಇದನ್ನೆಲ್ಲ ಅವಳು ಹೇಳುವಾಗ ವಗ್ಗಾಗ ನೆಲ ನೋಡುತ್ತಿದ್ದ. "ಅವರು ಹೋಗೋವಾಗ ನಾನು ಅರ್ಧ ದಿನದ ದಾರೀಲಿ, ಪೂರ್ವದ ಬಿಡಾರದಲ್ಲೇ ಇದ್ದೆ, ತಾಯಿ, ಈ ಕಡೆ ಬಂದಿರಲಿಲ್ಲ. ಮಳೆಗಾಲದ ತನಕ ಇದ್ದೆ. ಕರೆಸಿ, ಉತ್ತರಕ್ಕೆ ಹೋಗಿ ನಿಜ ಹೇಳಿ ಬಾ ಅಂದಿದ್ರೆ ಹೋಗ್ತಿದ್ದೆ."

"ಹೇಳೋಣ ಅಂದ್ಕೊಂಡೆ. ದಿನಾ ಅಂದ್ಕೊಂಡೆ. ತಂಡದ ಸುದ್ದಿ ಕೇಳಿ ಒಂದೆರಡು ಮನೆಯಾದ್ರೂ ತಿರುಗಿ ಬರಬಹುದು ಅಂತ ಸುಮ್ನಾದೆ ಕಣೋ."

ಅವನು ಬೈಯಲಿಲ್ಲ. ಅವನು ಬೈದಿದ್ದರೆ ಅವಳು ಎದುರಾಡಿಯಾದರೂ ನಿಲ್ಲಬಹುದಿತ್ತು.

ಮಾರನೆಯ ದಿನ ಇಬ್ಬರೂ ಅರ್ಧ ದಿನದ ದಾರಿ ನಡೆದು ಪೂರ್ವದ ಹುಲ್ಲುಗಾವಲಿನ ಒಂಟೆಗಾರರ ಬಿಡಾರಕ್ಕೆ ಹೋದರು. ಬಿಡಾರದ ಮುಖ್ಯಸ್ಥ ಅಮಸ್ತಾನ ತೂದಾಳ ಸತ್ತ ಗಂಡನಿಗೆ ದಾಯಾದಿಯಾಗಬೇಕು. ಹಾಲು ಕೊಟ್ಟ, ನೆರಳು ಕೊಟ್ಟ. ಒಂಟೆ ಕೇಳಿದಾಗ ಮುಖ ಸಣ್ಣ ಮಾಡಿದ.

"ಎಷ್ಟು ತಡ ಮಾಡಿದೆ ಅತ್ತಿಗೆ. ಹೋದ ತಿಂಗಳು ಕೇಳಿದ್ರೆ ಎಂಬತ್ತು ಕೊಡ್ತಿದ್ದೆ. ಎಲ್ಲ ತೊಂಬುಕ್ತುನೋರು ಬಾಡಿಗೆಗೆ ಹೊಡ್ಕೊಂಡು ಹೋದ್ರು. ಇಲ್ಲಿರೋದು ಮರಿ ಹಾಕಿದ್ದು, ಹಾಕಬೇಕಾದ್ದು."

"ಅದನ್ನೇ ಕೊಡು."

"ಮರಿ ಬಿಟ್ಟು ಅವು ಒಂದು ಹೆಜ್ಜೆ ಇಡಲ್ಲ, ನಿನಗೇ ಗೊತ್ತು. ಕತ್ತೆ ಕೊಡಲಾ? ನಾಲ್ಕು ದಿನದ ದಾರೀಲಿ ಅದು ಹೊತ್ತ ನೀರನ್ನ ಅದೇ ಕುಡಿದು ಮುಗಿಸುತ್ತೆ." ಬಹಳ ಹೊತ್ತು ಗಡ್ಡ ಕೆರೆದುಕೊಂಡು, ನಾಚಿಕೆಗೋ ಕನಿಕರಕ್ಕೋ, ಎರಡು ಮುದಿ ಗಂಡು ಒಂಟೆ ಬಿಚ್ಚಿಕೊಟ್ಟ. ಒಂದರ ಒಂದು ಕಣ್ಣು ಹೋಗಿತ್ತು.

ನಾಲ್ಕಕ್ಕೆ ಎರಡು ಸೇರಿ ಆರು. ಪೆಂದಾ ತನ್ನಲ್ಲಿದ್ದ ಒಳ್ಳೊಳ್ಳೆಯ ತಿತ್ತಿಗಳನ್ನೆಲ್ಲ ಆರಿಸಿ, ಹೊಲಿಗೆಗೆ ಬೆಣ್ಣೆ ತಿಕ್ಕಿ, ಬಾವಿಯ ಹತ್ತಿರ ಸಾಲಾಗಿ ಇಟ್ಟಿದ್ದಳು. ಇನ್ನೂ ಅರವತ್ತು ತಿತ್ತಿ ಗೋಡೆಗೆ ನೇತಾಡುತ್ತಿದ್ದವು. ಬಾವಿಯಲ್ಲೂ ನೀರಿತ್ತು. ಹೊರುವ ಬೆನ್ನು ಇರಲಿಲ್ಲ.

ಹೊರಡುವ ಬೆಳಗ್ಗೆ ವಗ್ಗಾಗ ಹೊರೆಯನ್ನು ಕಣ್ಣಲ್ಲೇ ತೂಗಿದ. "ಹೋಗಿ ಬರೋರಿಗೆ ಬೇಕಾದ್ದು ಕಳೆದ್ರೆ ಮೂವತ್ತು ಜನಕ್ಕೆ ಸಾಕು. ಬಿಗಿ ಹಿಡಿದ್ರೆ ಇನ್ನೊಂದಿಬ್ಬರು. ತೊಂಬತ್ತೆರಡು ಜನದ ನಡುವೆ ಮೂವತ್ತು ಜನದ ನೀರು ತಗೊಂಡು ಹೋಗೋದು ಅಂದ್ರೆ ಏನು ಗೊತ್ತಾ ತಾಯಿ? ತಿತ್ತಿಗೆ ಚಾಕು ಬಿದ್ದು ನೀರೆಲ್ಲ ಮರಳಿಗೆ ಹೋಗಿದ್ದನ್ನ ನಾನು ನೋಡಿದೀನಿ."

"ಹೋಗ್ದೇ ಇರೋಕಾಗುತ್ತಾ?"

"ಆಗಲ್ಲ. ಯಾರಿಗೆ ಕೊಡ್ಲಿ, ಅದನ್ನ ಹೇಳಿ."

ತಿತ್ತಿಗಳ ಮೇಲೆಲ್ಲ ತೂದಾಳ ಮನೆಯ ಗುರುತಿತ್ತು. ಯಾವ ಮನೆಯ ನೀರೋ ಆ ಮನೆಯ ಅತಿಥಿಗಳಿಗೆ ಮೊದಲು, ಇದು ಊರಿನ ನಡಾವಳಿ, ಯಾರೂ ತಕರಾರು ಎತ್ತುವುದಿಲ್ಲ. ಅವಳ ಹೆಸರಿನ ಓಲೆಯಲ್ಲಿ ಇದ್ದವರು ಇಜೆಮನೂ ಸೇರಿ ಹನ್ನೆರಡು ಜನ. ಪೆಂದಾ ಕಡೆ ನೋಡದೆ ಹೇಳಿದಳು: "ನನ್ನ ಓಲೇಲಿ ಇರೋರಿಗೆ ಮೊದಲು ಕೊಡು. ಉಳಿದದ್ದು ಉಳಿದೋರಿಗೆ." ಆಮೇಲೆ, ತನ್ನ ದನಿ ತನಗೇ ಹೇಸಿಗೆ ಹುಟ್ಟಿಸುವಷ್ಟು ಸಣ್ಣಗೆ, "ಅವನನ್ನ ಕರ್ಕೊಂಡು ಬಾ ವಗ್ಗಾಗ. ಏನಾದ್ರೂ ಆಗ್ಲಿ, ಅವನನ್ನ ಕರ್ಕೊಂಡು ಬಾ," ಎಂದಳು.

ಆರು ಒಂಟೆ ದಿಬ್ಬದಾಚೆ ಇಳಿದವು. ಅಲ್ಲಿಂದ ಮುಂದೆ ಅವಳ ಕೈಯಲ್ಲಿ ಮಾಡಲು ಏನೂ ಉಳಿಯಲಿಲ್ಲ.

ಎಂಟು ದಿನ. ನಡೆದು ಹೋಗೋಣ ಅಂದುಕೊಂಡಳು. ಹೋದರೆ ಕುಡಿಯುವ ಬಾಯಿ ಇನ್ನೊಂದು. ದೇವರನ್ನು ಬೇಡಿಕೊಂಡಳು, ಬೇಡುವಾಗ ಇಜೆಮನ ಹೆಸರೇ ಮೊದಲು ಬರುತ್ತಿತ್ತು, ನಾಚಿಕೊಂಡು ಉಳಿದ ತೊಂಬತ್ತೊಂದು ಜನರನ್ನು ಹಿಂದೆ ಸೇರಿಸುತ್ತಿದ್ದಳು. ಐದನೆಯ ದಿನ ಪೆಂದಾ ಗಂಜಿ ತಂದು ಎದುರು ಕೂತಳು.

"ತಿನ್ನು. ನೀನು ಉಪವಾಸ ಇದ್ರೆ ಅಲ್ಲಿ ಯಾರಿಗೂ ಹೊಟ್ಟೆ ತುಂಬಲ್ಲ."

"ನನ್ನಿಂದಾನೇ ಆಗಿದ್ದು ಪೆಂದಾ."

"ಆಗಿದ್ದು ನಿನ್ನಿಂದಾನೇ. ಒಲೆ ಹಚ್ಚಿದ್ದು ಮಾತ್ರ ನಾನು. ನೀನು ಹೇಳ್ದೆ, ನಾನು ಹಚ್ಚಿದೆ, ಬೇಡ ಅನ್ಲಿಲ್ಲ." ಪೆಂದಾ ಸೊನಿಂಕೆ ಕುಲದವಳು, ಅವಳ ಹಿರೀಕರು ಹಳೆಯ ಕುಂಬಿ ಪಟ್ಟಣದವರು. "ನಮ್ಮಜ್ಜಿಯ ಅಜ್ಜಿ ಹೇಳ್ತಿದ್ಲಂತೆ. ಕುಂಬಿ ಖಾಲಿಯಾಗೋವಾಗ ಅಲ್ಲೂ ಹಿಂಗೇ, ಇದ್ದೋರು ಹೋದೋರ ಅಂಗಳ ಗುಡಿಸ್ತಿದ್ರಂತೆ. ಅಲ್ಲಿಂದ ಎದ್ದ ವ್ಯಾಪಾರ ಬಂದು ಕೂತಿದ್ದು ನಿಮ್ಮ ವಲಾತದಲ್ಲೇ. ಆಗ ನಿಮ್ಮೋರು ನಮ್ಮೋರನ್ನ ನೋಡಿ ನಕ್ಕಿದ್ರಂತೆ."

"ನೀನೂ ಈಗ ನಗು."

"ನಗೋಣ ಅಂದ್ರೆ ನಾನೂ ಇಲ್ಲೇ ಇದೀನಲ್ಲ," ಎಂದು ಪೆಂದಾ ಗಂಜಿಯ ಬಟ್ಟಲು ಅವಳ ಕೈಗೆ ಹಿಡಿಸಿದಳು.

ಒಂಬತ್ತನೆಯ ದಿನ ಮಧ್ಯಾಹ್ನ ಅವರು ಬಂದರು. ತೂದಾ ಬಾವಿಯ ಬಳಿ ನಿಂತು ಎಣಿಸಿದಳು. ಒಂಟೆಗಳ ಮೇಲೆ ಜೋತುಬಿದ್ದವರು, ಒಂಟೆಯ ಬಾಲ ಹಿಡಿದು ನಡೆದವರು, ಎಲ್ಲ ಸೇರಿ ಮೂವತ್ತನಾಲ್ಕು. ಉಪ್ಪಿನ ಹಲಗೆ ಒಂದೂ ಇರಲಿಲ್ಲ. ಮತ್ತೊಮ್ಮೆ ಎಣಿಸಿದಳು. ಮುಖಗಳೆಲ್ಲ ಒಂದೇ ಥರ ಕಪ್ಪಾಗಿ ಬಿರಿದಿದ್ದವು; ಅದಕ್ಕೇ ಗುರುತು ಸಿಗುತ್ತಿಲ್ಲ ಎಂದು ಒಬ್ಬೊಬ್ಬರ ಹತ್ತಿರ ಹೋಗಿ ನೋಡಿದಳು. ವಗ್ಗಾಗ ಅವಳ ತೋಳು ಹಿಡಿದು ನೆರಳಿಗೆ ಕರೆದುಕೊಂಡು ಹೋದ.

"ನೀವು ಹೇಳಿದ ಹಾಗೇ ಹೇಳ್ದೆ ತಾಯಿ. ತೂದಾ ಮನೆ ಅತಿಥಿಗಳು ಮುಂದೆ ಬನ್ನಿ ಅಂದೆ. ಹನ್ನೆರಡು ಜನ ಬಂದ್ರು. ಉಳಿದ ಎಂಬತ್ತು ಜನದಲ್ಲಿ ಒಬ್ಬನೂ ಮುಂದೆ ನುಗ್ಗಲಿಲ್ಲ. ನನಗೇ ಆಶ್ಚರ್ಯ ಆಯ್ತು. ನಮ್ಮ ಮನೆಯೋರು ಹಿಂದೆ ಬರ್ತಿದಾರೆ ಅಂತ ಅಂದ್ಕೊಂಡು ನನ್ನ ಬೆನ್ನ ಹಿಂದೆ ದಿಬ್ಬಾನೇ ನೋಡ್ತಾ ನಿಂತಿದ್ರು."

"ಇಜೆಮ?"

"ಅವನಿಗೆ ಗೊತ್ತಾಯ್ತು. ನನ್ನ ಮುಖ ನೋಡಿದ, ಒಂಟೆ ಎಣಿಸಿದ, ಅಷ್ಟರಲ್ಲೇ ಗೊತ್ತಾಯ್ತು. ಆಮೇಲೆ ತಿತ್ತಿಗಳ ಮುಂದೆ ನಿಂತು ಎಲ್ಲರಿಗೂ ಕೇಳೋ ಹಾಗೆ ಹೇಳ್ದ. ತೊಂಬತ್ತೆರಡು ಜನಾನೂ ನಮ್ಮನೆ ಅತಿಥಿಗಳೇ, ಬನ್ನಿ ಕುಡೀರಿ ಅಂತ."

ಮನೆಯ ಮುಂದಿನ ಯಜಮಾನ ಹಾಗೆಂದ ಮೇಲೆ ಅದೇ ಮಾತು. ಅದನ್ನು ಓಲೆಗಾರ ತಿದ್ದುವಂತಿಲ್ಲ.

"ನಾನು ಪಕ್ಕಕ್ಕೆ ಕರೆದು ಹೇಳ್ದೆ. ಹಿಂಗೆ ಹಂಚಿದ್ರೆ ಯಾರಿಗೂ ಸಾಲಲ್ಲ ಕಣಪ್ಪ ಅಂತ. ಅವನು ನಕ್ಕ, ತಾಯಿ. ದೊಡ್ಡಮ್ಮ ಒಬ್ಬಳೇ ಹದಿನಾಲ್ಕು ಮನೆ ನಡೆಸಿದ್ಲು, ನಾನು ನಾಲ್ಕು ದಿನ ನಡೆಸಲಾರನಾ ಅಂದ. ಬಟ್ಟಲಲ್ಲಿ ಅಳೆದು ಅವನೇ ಕೊಟ್ಟ. ಮನೆಯೋರು ಕೊನೇಗೆ ತಾನೆ ಕುಡಿಯೋದು. ಮೊದಲ್ನೇ ದಿನ ಅವನಿಗೂ ಸಿಕ್ತು. ಎರಡ್ನೇ ದಿನ ಅರ್ಧ ಬಟ್ಟಲು. ಮೂರನೇ ದಿನ ಅವನ ಸರದಿ ಬರೋದ್ರೊಳಗೆ ತಿತ್ತಿ ಹಿಂಡಿದ್ರೂ ಹನಿ ಬರ್ಲಿಲ್ಲ. ನನ್ನ ಪಾಲಿಂದ ಕೊಡೋಕೆ ಹೋದೆ. ದಾರಿ ತೋರ್ಸೋನು ಬಿದ್ರೆ ಎಲ್ಲರೂ ಬೀಳ್ತಾರೆ ಅಂತ ಬೈದ."

ತೂದಾ ಅಳಲಿಲ್ಲ. ಅತಿಥಿಗಳು ಬಾಗಿಲಲ್ಲಿದ್ದರು. ಒಳಗೆ ಹೋಗಿ ಸಜ್ಜೆಹಿಟ್ಟು ಕಲಸಿದಳು, ಪೆಂದಾ ಬಟ್ಟೆ ಒದ್ದೆ ಮಾಡಿ ಒಬ್ಬೊಬ್ಬರ ತುಟಿಗೆ ಹಿಂಡಿದಳು. ಎರಡು ದಿನ ಹಾಗೆಯೇ ಕಳೆಯಿತು. ಮೂರನೆಯ ದಿನ ಎದ್ದು ಕೂರುವಂತಾದ ಮೇಲೆ ಅವರ ಹಿರಿಯ, ಸಿಜಿಲ್ಮಾಸದ ಮುದುಕ ಮಂದೀಲ, ಅಂಗಳದಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಅವಳನ್ನು ಕರೆದ. ಕರಿಬಂಡೆಯ ಈಚೆ ಅವನು ಇಬ್ಬರು ತಮ್ಮಂದಿರನ್ನು ಬಿಟ್ಟು ಬಂದಿದ್ದ.

"ತಾಯಿ, ನಾಳೆ ತೊಂಬುಕ್ತು ಕಡೆ ಹೊರಡ್ತೀವಿ. ಇನ್ಮೇಲೆ ನಮ್ಮೋರು ಈ ದಾರೀಲಿ ಬರಲ್ಲ, ತಪ್ಪು ತಿಳ್ಕೋಬೇಡಿ. ಹದಿಮೂರು ಮನೆಯೋರು ಓಲೆ ತಲುಪಿದ್ರೂ ಊರು ಬಿಟ್ಟು ಓಡಿ ನಮ್ಮನ್ನ ಸಾಯೋಕೆ ಬಿಟ್ರು. ನಿಮ್ಮದೊಂದೇ ಮನೆ ಮಾತಿಗೆ ನಿಂತಿತು. ನಿಮ್ಮ ಹುಡುಗ ತನ್ನ ಪಾಲನ್ನ ನಮಗೆ ಕುಡಿಸಿದ. ಈ ಮನೆ ಹೆಸರನ್ನ ಸಿಜಿಲ್ಮಾಸದಲ್ಲಿ ಮಕ್ಕಳ ಬಾಯಲ್ಲಿ ಹೇಳಿಸ್ತೀವಿ."

ತೂದಾ ವಗ್ಗಾಗನನ್ನು ನೋಡಿದಳು. ಅವನು ಬೇರೆ ಕಡೆ ನೋಡುತ್ತಿದ್ದ. ಹೇಳುವುದೂ ಬಿಡುವುದೂ ಅವಳಿಗೇ ಸೇರಿದ್ದು.

"ಅವರು ಬಿಡಲಿಲ್ಲ ಅಣ್ಣ," ಎಂದಳು. "ಆ ಹದಿಮೂರು ಮನೇಲಿ ಯಾರೂ ಇರಲೇ ಇಲ್ಲ. ಒಂಬತ್ತು ಮನೇಲಿ ಹೋದ ವರ್ಷವೇ ಇರಲಿಲ್ಲ. ನಾನೇ ಒಲೆ ಹಚ್ಚಿಸಿದ್ದು. ಹದಿನಾಲ್ಕು ಬಾಗಿಲೂ ತೆರೆದಿದೆ ಅಂತ ಆ ಹುಡುಗನ ಕೈಲಿ ಸುಳ್ಳು ಹೇಳಿಸಿದ್ದೂ ನಾನೇ. ನಿಮ್ಮ ತಮ್ಮಂದಿರನ್ನ ಕೊಂದವಳು ನಾನು."

ಒಬ್ಬ ಯುವಕ ಕಣ್ಣೊರೆಸಿಕೊಂಡ. ಮಂದೀಲನ ಮುಖ ಕರಗಿತು.

"ಮಗನ್ನ ಕಳ್ಕೊಂಡ ಕರುಳು ಹಿಂಗೇ ಮಾತಾಡುತ್ತೆ ತಾಯಿ. ನಮ್ಮಮ್ಮನೂ ಹಿಂಗೇ, ನಮ್ಮಪ್ಪ ಬಿದ್ದು ಸತ್ತಾಗ ಏಣಿ ಇಟ್ಟಿದ್ದೇ ನಾನು ಅಂತ ಮೂರು ತಿಂಗಳು ಅಂದ್ಲು. ನಿಮ್ಮ ತಪ್ಪೇನೂ ಇಲ್ಲ."

"ಇದೆ. ಈ ಓಲೆಗಾರನ್ನ ಕೇಳಿ. ಪೆಂದಾನ ಕೇಳಿ."

"ಆಯ್ತಮ್ಮ, ಆಯ್ತು," ಎಂದ ಅವನು, ಜ್ವರ ಬಂದ ಮಗುವಿಗೆ ಹೇಳುವ ಹಾಗೆ. ಪೆಂದಾ ತಲೆ ತಗ್ಗಿಸಿದಳು. ವಗ್ಗಾಗ ಬಾಯಿ ತೆರೆದು ಮತ್ತೆ ಮುಚ್ಚಿದ. ಬದುಕಿ ಬಂದ ಮೂವತ್ತನಾಲ್ಕು ಜನರಿಗೆ ನಂಬಲು ಇದ್ದದ್ದು ಅದೊಂದೇ ಮನೆ. ಅದನ್ನೂ ಕಿತ್ತುಕೊಂಡು ಅವರ ಕೈಗೆ ಏನು ಕೊಡುವುದೆಂದು ಅವನಿಗೆ ತೋಚಲಿಲ್ಲ.

ಮಂದೀಲ ಎರಡೂ ಅಂಗೈ ಮೇಲೆತ್ತಿದ. ಮೂವತ್ತನಾಲ್ಕು ಜನರೂ ಎತ್ತಿದರು. "ದೇವರೇ, ಈ ತಾಯಿ ಮಾತು ಕೊಟ್ಟು ಉಳಿಸ್ಕೊಂಡಳು. ಇವಳು ನಮಗೆ ಮಾಡಿದ್ದನ್ನೇ ನೀನು ಇವಳಿಗೆ ಮಾಡು," ಎಂದು ಹರಸಿದ.

ಎಲ್ಲರೂ ಆಮೀನ್ ಎಂದರು. ಎಂದು, ಕೈ ಇಳಿಸದೆ ಅವಳ ಕಡೆ ನೋಡಿದರು. ಅತಿಥಿಯ ಹರಕೆಗೆ ಮನೆಯೊಡತಿಯೂ ಆಮೀನ್ ಅನ್ನಬೇಕು, ಅಲ್ಲಿಯವರೆಗೆ ಅವರು ಕೈ ಇಳಿಸುವಂತಿಲ್ಲ. ನಿತ್ರಾಣದಿಂದ ಅವರ ತೋಳುಗಳು ನಡುಗುತ್ತಿದ್ದವು. ತೂದಾ ಆಮೀನ್ ಅಂದಳು.